230ಕ್ಕೆ 23: ಪಾಸ್ಟರನ್ನೇ ಮನೆಗೆ ಕಳಿಸಿದ ಊರು

(1)
ಪಾಸ್ಟರ್ ಅಂದ್ರೆ ಲ್ಯಾಟಿನ್ ಭಾಷೆಯಲ್ಲಿ ಕುರುಬ. ನಮ್ಮ ಚರ್ಚುಗಳಲ್ಲಿ ಸಭಾಪಾಲಕರು ಅಂತೀವಲ್ಲ, ಅದರಲ್ಲೂ ಅದೇ ಭಾವ, ಕಾಯುವವರು. ಸರಿ, ಕಾಯುವವರೇ ತಪ್ಪು ಮಾಡಿದ್ರೆ ಕೇಳೋರು ಯಾರು? ಮಂದೆಯಾ?

ಹೌದು, ನಾವೇ ಕೇಳ್ತೀವಿ ಅಂದ ಒಂದು ಊರಿನ ಕಥೆ ಇದು. ಊರು ನಾರ್ಥ್‌ಹ್ಯಾಂಪ್ಟನ್, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದೆ. ಆಗಿನ್ನೂ ಅದು ಬ್ರಿಟಿಷರ ವಸಾಹತು. 1750ರ ಜೂನ್‌ನಲ್ಲಿ ಅಲ್ಲಿನ ಸಭೆ ತನ್ನ ಪಾಸ್ಟರ್ ಜೊನಾಥನ್ ಎಡ್ವರ್ಡ್ಸ್ ಅವರನ್ನು ತೆಗೆದುಹಾಕಿತು. ಅವರ ಪರ ಬಿದ್ದದ್ದು 23 ಮತ, ವಿರುದ್ಧ ಸುಮಾರು 230.

ಇವರೇನು ಸಾಮಾನ್ಯ ಮನುಷ್ಯ ಅಲ್ಲ. 1734-35ರಲ್ಲಿ ಇದೇ ಊರಲ್ಲಿ ಇವರ ಬೋಧನೆಯಿಂದ ಎದ್ದ ಉಜ್ಜೀವನದ ಸುದ್ದಿ ಇಂಗ್ಲೆಂಡಿನವರೆಗೂ ಹೋಗಿತ್ತು. 1741ರ ‘ಕೋಪಗೊಂಡ ದೇವರ ಕೈಯಲ್ಲಿ ಪಾಪಿಗಳು’ ಪ್ರಸಂಗವನ್ನು ಇವತ್ತಿಗೂ ಅಲ್ಲಿನ ಕಾಲೇಜುಗಳಲ್ಲಿ ಓದಿಸ್ತಾರೆ. ಅಂಥವರನ್ನು 21 ವರ್ಷ ಮುಖ್ಯ ಪಾಸ್ಟರ್ ಆಗಿ ಇಟ್ಟುಕೊಂಡ ಊರೇ ಹೋಗಿ ಅಂದದ್ದು.

ಹೋಗಿ ಅನ್ನೋ ಅಧಿಕಾರ ಎಲ್ಲಿಂದ ಬಂತು? ಆ ಸಭೆಗಳಿಗೆ ಬಿಷಪ್ ಇರಲಿಲ್ಲ. 1648ರಲ್ಲಿ ಕೇಂಬ್ರಿಜ್ ಎಂಬ ಊರಲ್ಲಿ (ಇಂಗ್ಲೆಂಡಿನದಲ್ಲ, ಮ್ಯಾಸಚೂಸೆಟ್ಸ್‌ನದೇ) ಸೇರಿದ ಸಭೆಗಳು ಒಂದು ನಿಯಮಾವಳಿ ಮಾಡಿಕೊಂಡಿದ್ದವು. ಅದರ ಪ್ರಕಾರ ಚರ್ಚಿನ ಆಡಳಿತ ಮೂರು ಥರದ ಮಿಶ್ರಣ. ಕ್ರಿಸ್ತನ ಕಡೆಯಿಂದ ನೋಡಿದ್ರೆ ರಾಜಪ್ರಭುತ್ವ, ಹಿರಿಯರ ಕಡೆಯಿಂದ ಶ್ರೇಷ್ಠರ ಆಳ್ವಿಕೆ, ಸಭೆಯ ಸಹೋದರರ ಕಡೆಯಿಂದ ಪ್ರಜಾಪ್ರಭುತ್ವದ ಹಾಗೆ. ಪಾಸ್ಟರನ್ನು ಆರಿಸೋದು ಸಭೆ, ತೆಗೆಯೋದೂ ಸಭೆ. ಜಗಳ ಬಂದ್ರೆ ಅಕ್ಕಪಕ್ಕದ ಸಭೆಗಳವರು ಪಂಚಾಯ್ತಿಗೆ ಕೂತು ಸಲಹೆ ಕೊಡಬೇಕು. ಸಂಬಳ ಬರ್ತಿದ್ದದ್ದು ಊರಿನ ತೆರಿಗೆಯಿಂದ. ಅಂದ್ರೆ ಭಾನುವಾರ ವೇದಿಕೆ ಮೇಲಿಂದ ಯಾರನ್ನ ಗದರಿಸ್ತಾರೋ ಅವರ ಕೈಯಲ್ಲೇ ಪಾಸ್ಟರ ಊಟ. ಬೆಲೆ ಏರ್ತಾ ಹೋದ ಹಾಗೆ ಎಡ್ವರ್ಡ್ಸ್ ಸಂಬಳ ಹೆಚ್ಚಿಸಿ ಅಂತ ಕೇಳೋದು, ಊರವರು ಅವರ ಮನೆ ಖರ್ಚಿನ ಬಗ್ಗೆ, ಹೆಂಡತಿ ಸಾರಾ ಉಡೋ ಬಟ್ಟೆ ಬಗ್ಗೆ ಗೊಣಗೋದು, ಇದು ವರ್ಷಗಟ್ಟಲೆ ನಡೀತು.

👇 ಮುಂದಿನ ಪೋಸ್ಟ್‌ನಲ್ಲಿ ಅಸಲಿ ವಿಷಯ

(2)
1744. ಊರಿನ ಕೆಲವು ಹುಡುಗರ ಕೈಗೆ ಸೂಲಗಿತ್ತಿಯರಿಗಾಗಿ ಬರೆದ ಒಂದು ಪುಸ್ತಕ ಸಿಕ್ಕಿತು. ಹುಡುಗರು ಅಂದ್ರೆ ಚಿಕ್ಕ ಮಕ್ಕಳಲ್ಲ, ಇಪ್ಪತ್ತು ದಾಟಿದವರು. ಗುಟ್ಟಾಗಿ ಓದಿ ನಕ್ಕು ಸುಮ್ಮನಾಗಿದ್ರೆ ಮಾತು ಬೇರೆ. ಅದರಲ್ಲಿದ್ದದ್ದನ್ನ ಇಟ್ಟುಕೊಂಡು ಹುಡುಗಿಯರನ್ನು ಅವರ ಮುಟ್ಟಿನ ವಿಷಯ ಎತ್ತಿ ಕಾಡಿಸೋಕೆ ಶುರು ಮಾಡಿದರು. ಈ ಭಾಗ ಓದ್ತಾ ‘ಇದು ನಮ್ಮ ಕ್ಲಾಸ್ ಗ್ರೂಪಲ್ಲೂ ನಡೆದಿದೆ’ ಅಂತ ನಿಮಗನ್ನಿಸಿದ್ರೆ, ನನಗೂ ಅನ್ನಿಸಿತು.

ದೂರು ಎಡ್ವರ್ಡ್ಸ್ ಹತ್ತಿರ ಬಂತು. ಅವರು ಅದನ್ನ ತಳ್ಳಿಹಾಕಲಿಲ್ಲ, ಹುಡುಗಿಯರ ಸಾಕ್ಷಿ ಬರೆದುಕೊಂಡರು. ಇಲ್ಲಿವರೆಗೆ ನನ್ನ ಮಟ್ಟಿಗೆ ಅವರು ಸರಿ. ಆದರೆ ಆಮೇಲೆ ಮಾಡಿದ್ದು ನೋಡಿ. ವಿಚಾರಣೆಗೆ ಬರಬೇಕಾದವರ ಪಟ್ಟಿಯನ್ನ ಇಡೀ ಸಭೆ ಮುಂದೆ ಓದಿಬಿಟ್ಟರು. ಅದರಲ್ಲಿ ಆರೋಪಿ ಯಾರು, ಬರೀ ಸಾಕ್ಷಿ ಹೇಳೋಕೆ ಬರಬೇಕಾದವರು ಯಾರು ಅಂತ ಬಿಡಿಸಿ ಹೇಳಲೇ ಇಲ್ಲ. ಊರಿನ ದೊಡ್ಡ ಮನೆಗಳ ಮಕ್ಕಳ ಹೆಸರೆಲ್ಲ ಒಂದೇ ರಾಶಿಯಲ್ಲಿ. ತನಿಖೆ ಆಗಲಿ ಅಂತ ಆಗಷ್ಟೇ ಒಪ್ಪಿದ್ದ ಅಪ್ಪಂದಿರು ಮನೆ ಸೇರೋ ಹೊತ್ತಿಗೆ ತಿರುಗಿಬಿದ್ದಿದ್ದರು.

ಮುಖ್ಯ ಆರೋಪಿಗಳು ವಿಚಾರಣೆಗೆ ಬಂದವರು ಹಿರಿಯರನ್ನೇ ಅಣಕಿಸಿದರು, ಇವರೂ ನಮ್ಮ ಹಾಗೆ ಮನುಷ್ಯರೇ ತಾನೇ ಅಂತ. ಕೊನೆಗೆ ತಪ್ಪೊಪ್ಪಿಗೆ ಬಂತು. ಯಾವುದಕ್ಕೆ ಗೊತ್ತಾ? ಸಭೆಯ ಅಧಿಕಾರಕ್ಕೆ ಅಗೌರವ ತೋರಿದ್ದಕ್ಕೆ. ಹುಡುಗಿಯರ ಅವಮಾನದಿಂದ ಶುರುವಾದ ಕೇಸು ಹಿರಿಯರ ಮರ್ಯಾದೆಯಲ್ಲಿ ಮುಗೀತು. ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಚುಚ್ಚಿದ್ದು ಇದೇ. 230 ಮತಗಳಿಗಿಂತ ಜಾಸ್ತಿ.

ಆಮೇಲೆ ನಾಲ್ಕು ವರ್ಷ ಸಭೆಯ ಪೂರ್ಣ ಸದಸ್ಯತ್ವ ಬೇಕು ಅಂತ ಒಬ್ಬರೂ ಮುಂದೆ ಬರಲಿಲ್ಲ.

(3)
ತೆಗೆದುಹಾಕಲು ಕಾಗದದ ಮೇಲೆ ಬರೆದ ಕಾರಣ ಮಾತ್ರ ಬೇರೆ, ಕರ್ತನ ಭೋಜನ. ಎಡ್ವರ್ಡ್ಸ್‌ಗಿಂತ ಮುಂಚೆ ಪಾಸ್ಟರ್ ಆಗಿದ್ದವರು ಅವರ ತಾಯಿಯ ತಂದೆ ಸಾಲೊಮನ್ ಸ್ಟಾಡರ್ಡ್. ಸುಮಾರು 60 ವರ್ಷ ಆ ಊರನ್ನು ನಡೆಸಿದ ಅಜ್ಜ. ಬೋಧನೆ ಗೊತ್ತಿದ್ದು ಮರ್ಯಾದೆಯಿಂದ ಬದುಕುವವರು ಯಾರೇ ಆಗಲಿ ರೊಟ್ಟಿ, ದ್ರಾಕ್ಷಾರಸ ತಗೊಳ್ಳಬಹುದು ಅನ್ನೋದು ಅವರ ಪದ್ಧತಿ. ಮೊಮ್ಮಗ ಎರಡು ದಶಕ ಅದನ್ನೇ ನಡೆಸಿ, ಆಮೇಲೆ ಮನಸ್ಸು ಬದಲಾಯಿಸಿದರು. ಹೃದಯದಿಂದ ನಂಬಿದ್ದೇನೆ ಅಂತ ಸ್ವಂತ ಬಾಯಿಂದ ಹೇಳಬೇಕು, ಇಲ್ಲದಿದ್ರೆ ಇಲ್ಲ.

ಊರಿಗೆ ಇದು ಅಜ್ಜನಿಗೆ ಮಾಡಿದ ದ್ರೋಹದ ಹಾಗೆ ಕಂಡಿತು. ಇನ್ನೊಂದು ಭಯವೂ ಇತ್ತು. ನನ್ನ ಮಾತು ಹೃದಯದಿಂದ ಬಂತೋ ಇಲ್ಲವೋ ಅಂತ ತೂಗೋದು ಯಾರು? ಇದೇ ಪಾಸ್ಟರ್ ತಾನೇ! 1744ರಲ್ಲಿ ಪಟ್ಟಿ ಓದಿದ ಅದೇ ಬಾಯಿ. ಈ ವಿಷಯದ ಮೇಲೆ ಪ್ರಸಂಗ ಮಾಡ್ತೀನಿ ಅಂದ್ರೆ ಬೇಡ ಅಂದರು, ಅದಕ್ಕೆ 1749ರಲ್ಲಿ ಪುಸ್ತಕವನ್ನೇ ಅಚ್ಚು ಹಾಕಿಸಿದರು. ಊರಲ್ಲಿ ಅದನ್ನ ಓದಿದವರು ಕಡಿಮೆ.

ಪಂಚಾಯ್ತಿಗೆ ಯಾವ ಸಭೆಗಳನ್ನು ಕರೀಬೇಕು ಅನ್ನೋದಕ್ಕೇ ತಿಂಗಳುಗಟ್ಟಲೆ ಎಳೆದಾಟ. ಸುತ್ತಮುತ್ತ ಇರೋರೆಲ್ಲ ಅಜ್ಜನ ಪಕ್ಷ, ಹೊರಗಿನ ಎರಡು ಸಭೆ ಬೇಕೇ ಬೇಕು ಅಂತ ಎಡ್ವರ್ಡ್ಸ್ ಹಟ ಹಿಡಿದರು. ಕೊನೆಗೆ ಜೂನ್ 22ರಂದು ಪಂಚಾಯ್ತಿ ಹೊರಹಾಕೋ ಕಡೆಗೇ ವಾಲಿತು. 10ಕ್ಕೆ 9, ಒಂದೇ ಮತದ ಅಂತರ.

ಮತ ಹಾಕಿದ್ದು ಯಾರು ಅಂತಲೂ ನೋಡೋಣ. ಸಭೆಯ ಗಂಡಸರು ಮಾತ್ರ. ಸಾಕ್ಷಿ ಹೇಳಿದ ಹುಡುಗಿಯರಿಗೆ ಮತ ಇಲ್ಲ, ಅವರ ಅಮ್ಮಂದಿರಿಗೂ ಇಲ್ಲ. ಎಡ್ವರ್ಡ್ಸ್ ಮನೆಯಲ್ಲಿ ದುಡೀತಿದ್ದ ಗುಲಾಮರ ಮಾತಂತೂ ದೂರ. 1731ರಲ್ಲಿ ಅವರು ನ್ಯೂಪೋರ್ಟ್ ಬಂದರಿಗೆ ಹೋಗಿ ವೀನಸ್ ಎಂಬ 14 ವರ್ಷದ ಹುಡುಗಿಯನ್ನ 80 ಪೌಂಡಿಗೆ ಕೊಂಡುತಂದಿದ್ದರು. ಹತ್ತು ವರ್ಷದ ನಂತರ ನಾರ್ಥ್‌ಫೀಲ್ಡ್ ಅನ್ನೋ ಊರಿನ ಸಭೆಯವರು ತಮ್ಮ ಪಾಸ್ಟರ್ ಗುಲಾಮರನ್ನ ಇಟ್ಟುಕೊಂಡಿದ್ದಾರೆ ಅಂತ ಆಕ್ಷೇಪಿಸಿದಾಗ, ಎಡ್ವರ್ಡ್ಸ್ ಆ ಪಾಸ್ಟರ ಪರವಾಗಿ ಒಂದು ಕರಡು ಬರೆದರು. ಆಫ್ರಿಕಾದಿಂದ ಜನರನ್ನ ಹಿಡಿದು ತರೋ ವ್ಯಾಪಾರ ತಪ್ಪು ಅಂತ ಅದರಲ್ಲೇ ಹೇಳ್ತಾರೆ, ಮನೆಯಲ್ಲಿ ಇಟ್ಟುಕೊಳ್ಳೋದನ್ನ ಸಮರ್ಥಿಸ್ತಾರೆ. ನಿಜವಾಗಿ ಲೆಕ್ಕ ಕೇಳಬೇಕಾಗಿದ್ದ ಈ ವಿಷಯಕ್ಕೆ ನಾರ್ಥ್‌ಹ್ಯಾಂಪ್ಟನ್ ಅವರನ್ನು ತೆಗೆಯಲಿಲ್ಲ.

(4)
ಜುಲೈ 1ರಂದು ವಿದಾಯದ ಪ್ರಸಂಗ. ಕಿರುಚಾಟ ಇಲ್ಲ, ಶಾಪ ಇಲ್ಲ. ಪಾಸ್ಟರ್ ಮತ್ತು ಸಭೆ ನ್ಯಾಯತೀರ್ಪಿನ ದಿನ ಕ್ರಿಸ್ತನ ಮುಂದೆ ಮತ್ತೆ ಭೇಟಿಯಾಗ್ತಾರೆ, ಇಬ್ಬರೂ ಲೆಕ್ಕ ಒಪ್ಪಿಸಬೇಕು, ಅಲ್ಲಿ ಗೊತ್ತಾಗುತ್ತೆ, ಅನ್ನೋದು ಅದರ ಸಾರ. ನಿಮ್ಮ ಮತ ಆಯ್ತು, ಮೇಲಿನ ಕೋರ್ಟ್ ಬಾಕಿ ಇದೆ ಅಂದ ಹಾಗೆ. ಅವರ ದೃಷ್ಟಿಯಲ್ಲಿ ಪಾಸ್ಟರ್ ನಿಜವಾಗಿ ಉತ್ತರ ಕೊಡಬೇಕಾದದ್ದು ಅಲ್ಲಿಗೇ.

ತಮಾಷೆ ಏನಂದ್ರೆ, ಬದಲಿಗೆ ಬೇರೆ ಯಾರೂ ಸಿಗದೆ ಇದ್ದಾಗ ಊರವರು ವಾರ ವಾರ ಅವರನ್ನೇ ಕರೆದು ಪ್ರಸಂಗ ಮಾಡಿಸ್ತಿದ್ದರು! ನವೆಂಬರ್ ಹೊತ್ತಿಗೆ ಅದೂ ನಿಂತಿತು. ಮರುವರ್ಷ ಅವರು ಸ್ಟಾಕ್‌ಬ್ರಿಜ್ ಅನ್ನೋ ಗಡಿ ಊರಿಗೆ, ಅಲ್ಲಿನ ಮೂಲನಿವಾಸಿಗಳ ಮಿಷನ್ನಿಗೆ ಹೋದರು. 1758ರಲ್ಲಿ ಪ್ರಿನ್ಸ್‌ಟನ್‌ನ ಕಾಲೇಜಿಗೆ ಅಧ್ಯಕ್ಷರಾಗಿ ಹೋದ ಕೆಲವೇ ವಾರಗಳಲ್ಲಿ ಸಿಡುಬಿನ ಲಸಿಕೆಯಿಂದಲೇ ಸೋಂಕು ತಗುಲಿ ತೀರಿಕೊಂಡರು.

ಇನ್ನೊಬ್ಬರು ಉಳಿದರು, ಜೋಸೆಫ್ ಹಾಲಿ. ಎಡ್ವರ್ಡ್ಸ್‌ಗೆ ಸಂಬಂಧದಲ್ಲಿ ತಮ್ಮ, ವಕೀಲ. ಹೊರಹಾಕಬೇಕು ಅಂತ ಪಂಚಾಯ್ತಿ ಮುಂದೆ ಎಲ್ಲರಿಗಿಂತ ಬಿರುಸಾಗಿ ವಾದಿಸಿದ್ದು ಇವರೇ. 1754ರಲ್ಲಿ ಇವರಿಗೆ ತಡೆಯಲಾಗದೆ ಎಡ್ವರ್ಡ್ಸ್‌ಗೆ ಪತ್ರ ಬರೆದು ತಪ್ಪು ಒಪ್ಪಿಕೊಂಡರು. ಬಂದ ಉತ್ತರದಲ್ಲಿ ಕ್ಷಮೆಗಿಂತ ಬುದ್ಧಿಮಾತೇ ಜಾಸ್ತಿ. ಹಾಲಿಗೆ ಅಷ್ಟಕ್ಕೇ ಸಮಾಧಾನ ಆಗಲಿಲ್ಲ. 1760ರಲ್ಲಿ, ಕೇಳಬೇಕಾದ ಮನುಷ್ಯ ಸತ್ತು ಎರಡು ವರ್ಷ ಆದ ಮೇಲೆ, ಪಂಚಾಯ್ತಿಗೆ ಬಂದಿದ್ದ ಒಬ್ಬ ಪಾಸ್ಟರಿಗೆ ಇನ್ನೊಂದು ಪತ್ರ ಬರೆದರು. ಅದು ಬಾಸ್ಟನ್ನಿನ ಪತ್ರಿಕೆಯಲ್ಲಿ, ಎಲ್ಲರೂ ಓದೋ ಹಾಗೆ, ಅಚ್ಚಾಯಿತು.