ಡಸ್ಟ್ ಎಂಬ ನಕಲು, ನೆಹರೂ ಪ್ಲೇಸ್‌ನ ಸಿಡಿ

ನೋಯ್ಡಾ, ಗುರುಗ್ರಾಮದಲ್ಲಿ ಕೂತು ಕೋಡ್ ಬರೀತಿರೋ ನಮ್ಮವರಲ್ಲಿ ಮೂವತ್ತೈದು ದಾಟಿದವರಿಗೆ ಕೌಂಟರ್-ಸ್ಟ್ರೈಕ್‌ನ ‘ಡಸ್ಟ್’ ಪರಿಚಯ ಮಾಡಿಕೊಡಬೇಕಾಗಿಲ್ಲ. ಮರಳು ಬಣ್ಣದ ಗೋಡೆ, ದೊಡ್ಡ ಕಮಾನು. ಆದರೆ ಆ ಲೆವೆಲ್ಲೇ ಒಂದು ನಕಲು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಅದು 1999. ವಾಲ್ವ್ ಕಂಪನಿ ‘ಟೀಮ್ ಫೋರ್ಟ್ರೆಸ್ 2’ ಆಟದ ಕೆಲವು ಸ್ಕ್ರೀನ್‌ಶಾಟ್ ಮಾತ್ರ ಹೊರಬಿಟ್ಟಿತ್ತು, ಆಟ ಇನ್ನೂ ಬಂದಿರಲಿಲ್ಲ. ಬ್ರಿಟನ್ನಿನ ಹದಿಹರೆಯದ ಹುಡುಗ ಡೇವ್ ಜಾನ್‌ಸ್ಟನ್ ಆ ಚಿತ್ರಗಳನ್ನು ನೋಡಿಕೊಂಡೇ ಹವ್ಯಾಸಕ್ಕಾಗಿ ಡಸ್ಟ್ ಕಟ್ಟಿದ. ಚಿತ್ರದಲ್ಲಿ ಕಮಾನಿನ ಮುಂಭಾಗ ಕಾಣುತ್ತೆ, ಅದರ ಹಿಂದೆ ಏನಿದೆ ಅನ್ನೋದನ್ನು ಅವನೇ ಊಹಿಸಬೇಕು. ಮಜಾ ಏನಂದ್ರೆ, ಟೀಮ್ ಫೋರ್ಟ್ರೆಸ್ 2 ಕೊನೆಗೂ 2007ರಲ್ಲಿ ಬಂದಾಗ ಕಾರ್ಟೂನ್ ಥರ ಇತ್ತು. ಚಿತ್ರದಲ್ಲಿದ್ದ ಆ ಮೂಲ ಹುಟ್ಟಲೇ ಇಲ್ಲ, ನಕಲು ಮಾತ್ರ ಊರೂರಿನ ಸೈಬರ್ ಕೆಫೆ ತಲುಪಿತು.

ಲೆವೆಲ್ ಮರುಕಟ್ಟೋದು ಮನೆಯ ಪ್ಲಾನ್ ನೋಡಿ ಗೋಡೆ ಎಬ್ಬಿಸಿದ ಹಾಗಲ್ಲ. ಆ ಎಂಜಿನ್‌ನಲ್ಲಿ ಆಟಗಾರನ ಎತ್ತರ 72 ಯೂನಿಟ್. ಬಾಗಿಲನ್ನು ನಿಜದ ಅಳತೆಗೇ ಇಟ್ರೆ ಆಟದಲ್ಲಿ ಇಕ್ಕಟ್ಟಾಗುತ್ತೆ. ಓಣಿ ಸ್ವಲ್ಪ ಉದ್ದ ಆದ್ರೂ ಒಂದು ತಂಡ ಮೊದಲೇ ಬಂದು ಮೂಲೆ ಹಿಡಿದಿರುತ್ತೆ. ಗೋಡೆಗಳ ಮಧ್ಯೆ ಕೂದಲೆಳೆಯಷ್ಟು ಸಂದು ಉಳಿದರೆ ಅದಕ್ಕೆ ‘ಲೀಕ್’ ಅಂತಾರೆ. ಎಲ್ಲಿಂದ ಏನು ಕಾಣುತ್ತೆ ಅನ್ನೋ ಲೆಕ್ಕ ಅಲ್ಲಿಗೇ ನಿಲ್ಲುತ್ತೆ. ಸಂದು ಇಲ್ಲದಿದ್ದರೂ ದೊಡ್ಡ ಮ್ಯಾಪ್‌ಗೆ ಈ ಲೆಕ್ಕ ಮುಗಿಯೋಕೆ ಆಗಿನ ಪೆಂಟಿಯಂ ಯಂತ್ರದಲ್ಲಿ ಗಂಟೆಗಟ್ಟಲೆ ಬೇಕು. ನಮ್ಮ ಬಿಲ್ಡ್ ಫೇಲ್ ಆದಾಗಿನ ಸಂಕಟವೇ, ಆದರೆ ಸಂಬಳ ಇಲ್ಲ!

ಇನ್ನು 1998ರ ‘ಹಾಫ್-ಲೈಫ್’ ಅನ್ನು ಮರುಕಟ್ಟಲು ಹೊರಟ ‘ಬ್ಲ್ಯಾಕ್ ಮೆಸಾ’ ತಂಡದ ಕಥೆ. 2012ರಲ್ಲಿ ಬಿಡುಗಡೆ ಮಾಡಿದರು, ಆದರೆ ಕೊನೆಯ ‘ಝೆನ್’ ಲೋಕವೇ ಅದರಲ್ಲಿ ಇರಲಿಲ್ಲ. ಮೂಲದಲ್ಲೇ ಅದು ಸಪ್ಪೆ ಭಾಗ. ಹಾಗೇ ನಕಲು ಮಾಡಿದ್ರೆ ಸಪ್ಪೆಯೇ ಬರುತ್ತೆ, ಹಾಗಾಗಿ ಹೊಸದಾಗಿ ಕಲ್ಪಿಸಿಕೊಂಡರು. ಪೂರ್ತಿ ಆಟ ಬಂದಿದ್ದು 2020ರಲ್ಲಿ. ನನ್ನ ಲೆಕ್ಕದಲ್ಲಿ ಇಂಥ ಕೆಲಸದ ನಿಜವಾದ ಕಷ್ಟ ಇದೇ: ಎಲ್ಲಿ ಮೂಲವನ್ನು ಕೈಬಿಡಬೇಕು ಅಂತ ತೀರ್ಮಾನಿಸೋದು.

ಈಗ ದೆಹಲಿಗೆ ಬರೋಣ. ಅಮೆರಿಕ ಸರ್ಕಾರದ ಕುಖ್ಯಾತ ಮಾರುಕಟ್ಟೆಗಳ ಪಟ್ಟಿಗೇ ಸೇರಿದ ನೆಹರೂ ಪ್ಲೇಸ್‌ನಲ್ಲಿ ಪೈರೇಟೆಡ್ ಸಿಡಿ ಚಿಲ್ಲರೆ ಕಾಸಿಗೆ ಸಿಗ್ತಿತ್ತು. ಆಡೋಕೆ ಅದು ಸಾಕು, ಕಟ್ಟೋಕೆ ಸಾಲದು. 2004ರ ನಂತರದ ಸೋರ್ಸ್ ಎಂಜಿನ್‌ನ ಲೆವೆಲ್ ಎಡಿಟರ್ ಬೇಕಂದ್ರೆ ಸ್ಟೀಮ್ ಖಾತೆಯಲ್ಲಿ ಅಸಲಿ ಆಟ ಕೊಂಡಿರಬೇಕಿತ್ತು. ಕ್ರೆಡಿಟ್ ಕಾರ್ಡ್ ಇಲ್ಲದ, ನಿಧಾನದ ಇಂಟರ್ನೆಟ್ ಇದ್ದ ಮನೆಯ ಹುಡುಗನಿಗೆ ಅದು ಎಟುಕದ ಮಾತು. ಮುಂದೆ ಆ ಉಪಕರಣ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ಅಷ್ಟರಲ್ಲಿ ಆ ಹುಡುಗರು ಓದು ಮುಗಿಸಿ ಕೆಲಸಕ್ಕೆ ಸೇರಿಯಾಗಿತ್ತು. ಒಬ್ಬರು ನಿಮ್ಮ ಪಕ್ಕದ ಸೀಟಲ್ಲೇ ಇರಬಹುದು, ಕೇಳಿ ನೋಡಿ.