ಪೆನ್ನಿನಿಂದ ಪರದೆಗೆ: ಓಡುವ ಗ್ರಾಫಿನ ಚರಿತ್ರೆಯಲ್ಲಿ ನೋಟ ಮತ್ತು ದಾಖಲೆ

ಆಂಧ್ರದ ಮಡಕಶಿರಾ ಸೀಮೆಯ ರೊಳ್ಳದಿಂದ ನೇರ ಗೆರೆ ಎಳೆದರೆ ಗೌರಿಬಿದನೂರು ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ಸಿಗುತ್ತದೆ. ನಡುವೆ ರಾಜ್ಯದ ಗಡಿ ಇದೆ, ನೆಲದಡಿಯ ಬಂಡೆಗೆ ಅದರ ಗೊಡವೆ ಇಲ್ಲ. ಆ ಗಟ್ಟಿ ಹಳೆಯ ಶಿಲೆಯನ್ನು ನಂಬಿಕೊಂಡೇ 1965ರಲ್ಲಿ ಗೌರಿಬಿದನೂರಿನಲ್ಲಿ ಭೂಕಂಪನ ಮಾಪಕಗಳ ಒಂದು ಸಾಲು ನೆಲೆಗೊಂಡಿತು. ಇಂದಿನ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಟ್ರಾಂಬೆಯ ಅಣುಶಕ್ತಿ ಸಂಸ್ಥೆ ಎಂದು ಕರೆಸಿಕೊಳ್ಳುತ್ತಿದ್ದ ಕಾಲ ಅದು. ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರ ಜೊತೆಗಿತ್ತು. ದೂರದ ದೇಶಗಳಲ್ಲಿ ನಡೆಯುವ ಭೂಗತ ಅಣುಸ್ಫೋಟಗಳನ್ನು ಕಂಪನದಿಂದಲೇ ಪತ್ತೆ ಹಚ್ಚುವುದು ಉದ್ದೇಶ. ಒಂದಕ್ಕೊಂದು ಅಡ್ಡವಾಗಿ ಚಾಚಿದ ಎರಡು ತೋಳುಗಳಲ್ಲಿ ಒಟ್ಟು 20 ಮಾಪಕಗಳು. ಅವುಗಳ ಸಂಕೇತ ರೇಡಿಯೋ ಮೂಲಕ ಮಧ್ಯದ ಪ್ರಯೋಗಾಲಯಕ್ಕೆ ಬರುತ್ತಿತ್ತು.

ಹೀಗೆ ಬರುತ್ತಲೇ ಇರುವ ಸಂಕೇತಗಳನ್ನು ತೋರಿಸಲು ಡೆಸ್ಕ್‌ಟಾಪ್ ತಂತ್ರಾಂಶದ ಕಿಟಕಿಯೊಳಗೆ ಕ್ಷಣಕ್ಷಣಕ್ಕೂ ಬದಲಾಗುವ ಗ್ರಾಫ್ ಕೂರಿಸುವ ವಿದ್ಯೆಯ ಚರಿತ್ರೆಯನ್ನು ಸಾಮಾನ್ಯವಾಗಿ ವಿಲಿಯಂ ಪ್ಲೇಫೇರನಿಂದ ಆರಂಭಿಸುತ್ತಾರೆ. 1786ರ ಅವನ ಪುಸ್ತಕದ ವ್ಯಾಪಾರದ ಗೆರೆಗಳು ಅಂದವಾಗಿವೆ, ನಿಜ. ಆದರೆ ಅವು ಮುಗಿದುಹೋದ ವರ್ಷಗಳ ಲೆಕ್ಕ. ಓಡುವ ಗ್ರಾಫಿನ ವಂಶ ಬೇರೆ. 1847ರಲ್ಲಿ ಕಾರ್ಲ್ ಲುಡ್ವಿಗ್ ರಕ್ತದೊತ್ತಡದ ಏರಿಳಿತವನ್ನು ತಿರುಗುವ ಉರುಳೆಯ ಮೇಲೆ ಬರೆಸಿದನಲ್ಲ, ಆ ಕೈಮೋಗ್ರಾಫ್ ಇದರ ಮುತ್ತಜ್ಜ. ಭೂಕಂಪನ ಮಾಪಕ, ಹೃದಯದ ಮಿಡಿತ ಬರೆಯುವ ಯಂತ್ರ, ಕಾರ್ಖಾನೆಯ ಪಟ್ಟಿ ಕಾಗದದ ಮಾಪಕ ಎಲ್ಲವೂ ಅದರ ಸಂತಾನ.

ಈ ವಂಶದ ಸರಳ ಮಾದರಿಯನ್ನು ನಮ್ಮ ಹವಾಮಾನ ಕೇಂದ್ರಗಳ ಆವರಣದಲ್ಲೇ ನೋಡಬಹುದು. ತಾನೇ ಬರೆಯುವ ಸೈಫನ್ ಮಳೆಮಾಪಕದಲ್ಲಿ ನೀರು ತುಂಬಿದಂತೆ ತೇಲುಬುರುಡೆ ಏರುತ್ತದೆ, ಜೊತೆಗೆ ಪೆನ್ನೂ ಏರುತ್ತದೆ. 10 ಮಿಲಿಮೀಟರ್ ಆದೊಡನೆ ನೀರು ಹರಿದುಹೋಗಿ ಪೆನ್ನು ಸೊನ್ನೆಗೆ ಇಳಿಯುತ್ತದೆ. ಗಡಿಯಾರದ ಉರುಳೆಗೆ ಸುತ್ತಿದ ಕಾಗದವನ್ನು ದಿನಕ್ಕೊಮ್ಮೆ ಬದಲಿಸಬೇಕು. ಮಳೆ ಬಾರದ ದಿನ ಅಡ್ಡಗೆರೆ. ಮಡಕಶಿರಾದ ಕಡೆ ಅಂಥ ಕಾಗದವೇ ಹೆಚ್ಚು ಕೂಡಿಬೀಳುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದೇ: ನೋಡಲೆಂದು ಬರೆದದ್ದೇ ಉಳಿಸಲೆಂದು ಬರೆದದ್ದೂ ಹೌದು. ನೋಟಕ್ಕೂ ದಾಖಲೆಗೂ ಒಂದೇ ಶಾಯಿ.

ಈ ಏಕತೆಯನ್ನು ಕಂಪ್ಯೂಟರ್ ಪರದೆ ಮುರಿಯಿತು ಎಂಬುದು ರೂಢಿಯ ಮಾತು. ಗೌರಿಬಿದನೂರಿನಂಥ ಕೇಂದ್ರಗಳ ಚರಿತ್ರೆ ಅದನ್ನು ಒಪ್ಪುವುದಿಲ್ಲ. ಕೆನಡಾದ ಯೆಲ್ಲೋನೈಫ್, ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಆಸ್ಟ್ರೇಲಿಯಾದ ವರಮುಂಗಾ ಇದೇ ಮಾದರಿಯ ಸೋದರ ಕೇಂದ್ರಗಳು. ಇವುಗಳಲ್ಲಿ ಎಲ್ಲ ಮಾಪಕಗಳ ಸಂಕೇತವೂ ಕಾಂತೀಯ ಟೇಪಿಗೆ ಹೋಗುತ್ತಿತ್ತು. ಕಣ್ಣಿಗೆ ಕಾಣಬೇಕಾದರೆ ಅದರಲ್ಲಿ ಬೇಕಾದಷ್ಟನ್ನು ಕಾಗದಕ್ಕೆ ಇಳಿಸಿಕೊಳ್ಳಬೇಕು. ದಾಖಲೆ ಟೇಪಿನಲ್ಲಿ, ನೋಟ ಪೆನ್ನಿನಲ್ಲಿ. ಬಿರುಕು ಬಿಟ್ಟದ್ದು ಕಿಟಕಿಗಳ ಕಾಲಕ್ಕಿಂತ ಬಹಳ ಮೊದಲು. 1897ರಲ್ಲಿ ಬ್ರೌನ್ ರೂಪಿಸಿದ ಕ್ಯಾಥೋಡ್ ಕಿರಣ ಕೊಳವೆಯಂತೂ ನೋಟವನ್ನಷ್ಟೇ ಕೊಡುತ್ತಿತ್ತು, ನೆನಪು ಅದಕ್ಕಿರಲಿಲ್ಲ.

ಕಿಟಕಿಗಳ ಕಾಲ ಬಂದಾಗ ತಂತ್ರಾಂಶ ಬರೆಯುವವರ ಮುಂದೆ ಈ ಪೂರ್ವಜರೆಲ್ಲ ನಿಂತಿದ್ದರು. 1986ರಲ್ಲಿ ಮ್ಯಾಕಿಂಟಾಷ್ ಗಣಕಕ್ಕಾಗಿ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಹೊರತಂದ ಲ್ಯಾಬ್‌ವ್ಯೂ ಇದಕ್ಕೆ ಒಳ್ಳೆಯ ಸಾಕ್ಷಿ. ಅದರಲ್ಲಿ 'ಚಾರ್ಟ್' ಬೇರೆ, 'ಗ್ರಾಫ್' ಬೇರೆ. ಗ್ರಾಫಿಗೆ ಪೂರ್ತಿ ದತ್ತಾಂಶವನ್ನು ಒಮ್ಮೆಗೇ ಕೊಡಬೇಕು; ಚಾರ್ಟ್ ಒಂದೊಂದೇ ಬಿಂದುವನ್ನು ಪಡೆದು, ಹಿಂದಿನದನ್ನು ತಾನೇ ನೆನಪಿಟ್ಟುಕೊಳ್ಳುತ್ತದೆ. ನಾವು ಬೇರೆ ಹೇಳದಿದ್ದರೆ ಆ ನೆನಪಿನ ಮಿತಿ 1024 ಬಿಂದು. ಚಾರ್ಟ್ ಹೊಸ ಬಿಂದುವನ್ನು ತೋರಿಸುವ ಬಗೆ ಮೂರು. 'ಸ್ಟ್ರಿಪ್' ಪಟ್ಟಿ ಕಾಗದದಂತೆ ಎಡಕ್ಕೆ ಸರಿಯುತ್ತದೆ. 'ಸ್ಕೋಪ್' ಆಸಿಲೋಸ್ಕೋಪಿನಂತೆ ಅಂಚು ಮುಟ್ಟಿದೊಡನೆ ಅಳಿಸಿ ಮತ್ತೆ ಶುರು ಮಾಡುತ್ತದೆ. 'ಸ್ವೀಪ್' ಆಸ್ಪತ್ರೆಯ ಹೃದಯ ಮಾನಿಟರಿನಂತೆ ಹಳೆಯದರ ಮೇಲೆ ಹೊಸದನ್ನು ಬರೆಯುತ್ತ ಸಾಗುತ್ತದೆ. ಯಂತ್ರಗಳು ಮೂಲೆ ಸೇರಿದರೂ ಅವುಗಳ ನಡಿಗೆ ಮೆನುವಿನಲ್ಲಿ ಉಳಿದುಕೊಂಡಿತು.

ಆದರೆ ಕಾಗದಕ್ಕೆ ಇಲ್ಲದಿದ್ದ ಒಂದು ಇಕ್ಕಟ್ಟು ಕಿಟಕಿಗೆ ಹೊಸದು. ಉರುಳೆ ತನ್ನ ಗಡಿಯಾರದ ಪಾಡಿಗೆ ತಿರುಗುತ್ತಿತ್ತು. ಕಿಟಕಿಯಲ್ಲಿ ಗುಂಡಿ, ಮೆನು, ಮೌಸ್, ಗ್ರಾಫ್ ಎಲ್ಲಕ್ಕೂ ಘಟನೆಗಳ ಸರದಿ ಒಂದೇ. ಮಾಪಕದಿಂದ ಅಂಕಿ ಬರಲಿ ಎಂದು ಪ್ರೋಗ್ರಾಮು ಕಾದು ಕೂತರೆ ಇಡೀ ಕಿಟಕಿ ಮರಗಟ್ಟುತ್ತದೆ, 'ನಿಲ್ಲಿಸು' ಗುಂಡಿಯೂ ಕೆಲಸ ಮಾಡುವುದಿಲ್ಲ. ಟಿಕೆ, ಜಿಟಿಕೆ, ಕ್ಯೂಟಿ ಮೊದಲಾದ ಕಿಟಕಿ ಕಟ್ಟುವ ಸಲಕರಣೆಗಳಲ್ಲಿ ಇದಕ್ಕೆ ನಿಂತ ಪರಿಹಾರ ಹೆಚ್ಚುಕಡಿಮೆ ಒಂದೇ: ಅಂಕಿ ತರುವ ಕೆಲಸ ಬೇರೆ ಎಳೆಯಲ್ಲಿ (ಥ್ರೆಡ್) ನಡೆದು ಸಾಲಿಗೆ ತುಂಬುತ್ತದೆ, ಮುಖ್ಯ ಎಳೆ ಟೈಮರ್ ಹೊಡೆದಾಗ ಸಾಲನ್ನು ಬರಿದು ಮಾಡಿ ಗೆರೆ ಎಳೆಯುತ್ತದೆ. ಅಕ್ಷ, ಚೌಕಳಿ, ಶೀರ್ಷಿಕೆಗಳನ್ನು ಒಮ್ಮೆ ಚಿತ್ರವಾಗಿ ಎತ್ತಿಟ್ಟುಕೊಂಡು ಗೆರೆಯನ್ನಷ್ಟೇ ಮತ್ತೆ ಬರೆಯುವ 'ಬ್ಲಿಟ್' ಉಪಾಯ ವೇಗಕ್ಕಾಗಿ ಸೇರಿಕೊಂಡಿತು.

ಜಾನ್ ಹಂಟರ್ 2003ರಲ್ಲಿ ಬಿಡುಗಡೆ ಮಾಡಿದ, ಗ್ರಾಫ್ ಬರೆಯುವ ತಂತ್ರಾಂಶ-ಗ್ರಂಥಾಲಯ ಮ್ಯಾಟ್‌ಪ್ಲಾಟ್‌ಲಿಬ್ ಇಲ್ಲಿ ತಿರುವು. ಅವನು ನರವಿಜ್ಞಾನದ ಸಂಶೋಧಕ. ಮೂರ್ಛೆರೋಗಿಗಳ ಮಿದುಳಿನ ವಿದ್ಯುತ್ ಅಲೆಗಳನ್ನು ಓದುವ ತಂಡದಲ್ಲಿದ್ದ. ಆ ಅಲೆಗಳನ್ನು ವಿಶ್ಲೇಷಿಸುವ ಖಾಸಗಿ ತಂತ್ರಾಂಶದ ಪರವಾನಗಿ ತಂಡದ ಬಳಿ ಇದ್ದದ್ದು ಒಂದೇ, ಅದೂ ಗಣಕಕ್ಕೆ ಸಿಕ್ಕಿಸುವ ಡಾಂಗಲ್‌ಗೆ ಕಟ್ಟುಬಿದ್ದದ್ದು. ಸರದಿಗೆ ಕಾಯುವುದು ತಪ್ಪಲಿ ಎಂದು ಹುಟ್ಟಿದ ಈ ಗ್ರಂಥಾಲಯಕ್ಕೆ ಹಂಟರ್ ಹಾಕಿಕೊಂಡ ಗುರಿಗಳನ್ನು ನೋಡಿದರೆ ಹಳೆಯ ಬಿರುಕು ಮತ್ತೆ ಕಾಣುತ್ತದೆ. ಗ್ರಾಫ್ ಮತ್ತೊಂದು ತಂತ್ರಾಂಶದ ಕಿಟಕಿಯೊಳಗೆ ಕೂರುವಂತಿರಬೇಕು, ಅಚ್ಚಿಗೂ ಒದಗುವಂತಿರಬೇಕು. ಅದಕ್ಕೇ ಅವನು ಚಿತ್ರ ಬರೆಯುವ ಭಾಗವನ್ನು ಕಿಟಕಿಯಿಂದ ಬಿಡಿಸಿ ಬೇರೆ ಮಾಡಿದ. ಅದೇ ಚಿತ್ರ ಪರದೆಗೂ ಹೋಗುತ್ತದೆ, ಕಡತಕ್ಕೂ ಹೋಗುತ್ತದೆ. ನನ್ನ ಓದಿನಲ್ಲಿ ಇದು ಕೈಮೋಗ್ರಾಫಿನ ಏಕಶಾಯಿಯನ್ನು ತಂತ್ರಾಂಶದಲ್ಲಿ ಮರಳಿ ಪಡೆಯುವ ಯತ್ನ. 2012ರಲ್ಲಿ ಹಂಟರ್ ತೀರಿಕೊಂಡ ಮೇಲೂ ಆ ಕಟ್ಟೋಣ ಹಾಗೆಯೇ ಮುಂದುವರಿಯಿತು.

ಮ್ಯಾಟ್‌ಪ್ಲಾಟ್‌ಲಿಬ್ ಬೆಳೆಯುತ್ತಿದ್ದ ವರ್ಷಗಳಲ್ಲೇ, ರೊಳ್ಳ ಆಗ ಸೇರಿದ್ದ ಅನಂತಪುರ ಜಿಲ್ಲೆಯೂ ಸೇರಿ ಅಂದಿನ ಆಂಧ್ರದ ಏಳು ಬರಪೀಡಿತ ಜಿಲ್ಲೆಗಳಲ್ಲಿ ಇನ್ನೊಂದು ಬಗೆಯ ಗ್ರಾಫ್ ನಡೆಯುತ್ತಿತ್ತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ನೆರವಿನ, ರೈತರೇ ಅಂತರ್ಜಲ ನಿರ್ವಹಿಸುವ ಯೋಜನೆ ಅದು. ರೈತರು ಬೋರ್‌ವೆಲ್‌ಗಳ ನೀರಿನ ಮಟ್ಟ ಅಳೆದು, ಮಳೆ ಅಳೆದು, ಊರಿನ ಫಲಕದ ಮೇಲೆ ಬರೆಯುತ್ತಿದ್ದರು. ಹಿಂಗಾರಿಗೆ ಯಾವ ಬೆಳೆಗೆ ಎಷ್ಟು ನೀರು ಎಂಬ ಲೆಕ್ಕ ಅಲ್ಲಿಂದ ಹೊರಡುತ್ತಿತ್ತು. ಸಾಫ್ಟ್‌ವೇರ್ ಚರಿತ್ರೆಗಳಲ್ಲಿ ಇದಕ್ಕೆ ಜಾಗವಿಲ್ಲದಿರುವುದು ನನಗೆ ಸರಿ ಕಾಣುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಬದಲಾಗುವ ಗ್ರಾಫೂ ಓಡುವ ಗ್ರಾಫೇ.

ಇಂಥ ಅಂಕಿಗಳನ್ನು ಕನ್ನಡದ ಕಿಟಕಿಯೊಂದಕ್ಕೆ ತರಲು ಹೊರಟವರು ಹಂಟರನ ಕಟ್ಟೋಣದ ಇನ್ನೊಂದು ಫಲ ಉಂಡಿದ್ದಾರೆ. ಪರದೆ, ಕಡತ ಎರಡರಲ್ಲೂ ಚಿತ್ರ ಒಂದೇ ಆಗಿರಲೆಂದು ಮ್ಯಾಟ್‌ಪ್ಲಾಟ್‌ಲಿಬ್ ಅಕ್ಷರಗಳನ್ನೂ ತಾನೇ ಬರೆಯುತ್ತದೆ, ಕಿಟಕಿಯ ಸಲಕರಣೆಗೆ ಬಿಡುವುದಿಲ್ಲ. ಬಹುಕಾಲ ಆ ಬರವಣಿಗೆಗೆ ಒತ್ತಕ್ಷರ ಜೋಡಿಸುವ ಜ್ಞಾನ ಇರಲಿಲ್ಲ. ಹಾಗಾಗಿ ಕ್ಯೂಟಿ ಬರೆದ ಗುಂಡಿಯ ಮೇಲೆ 'ಅಂತರ್ಜಲ' ಸರಿಯಾಗಿ ಮೂಡಿದರೂ, ಅದೇ ಕಿಟಕಿಯೊಳಗಿನ ಗ್ರಾಫಿನ ಶೀರ್ಷಿಕೆಯಲ್ಲಿ ಅರ್ಕಾವತ್ತು ಚೆಲ್ಲಾಪಿಲ್ಲಿಯಾಗುತ್ತಿತ್ತು. ಶೀರ್ಷಿಕೆಯನ್ನು ಗ್ರಾಫಿನ ಹೊರಗೆ, ಕ್ಯೂಟಿಯ ಲೇಬಲ್ಲಿನಲ್ಲಿ ಬರೆದರೆ ಪರದೆಯ ಮಟ್ಟಿಗೆ ದಾರಿಯಾಗುತ್ತಿತ್ತು. ಆದರೆ 'ಉಳಿಸು' ಒತ್ತಿದಾಗ ಗ್ರಾಫಷ್ಟೇ ಕಡತಕ್ಕೆ ಹೋಗುತ್ತಿತ್ತು, ಕನ್ನಡದ ಶೀರ್ಷಿಕೆ ಕಿಟಕಿಯಲ್ಲೇ ಉಳಿಯುತ್ತಿತ್ತು.