ಅಣಬೆ ಬುಟ್ಟಿಯಲ್ಲಿ ಸೀಸಿಯಮ್

ಸೆಪ್ಟೆಂಬರ್ ತಿಂಗಳಲ್ಲಿ ಮಳೆ ಬಂದು ನಿಂತಿತೆಂದರೆ ದಕ್ಷಿಣ ಜರ್ಮನಿಯ ಬವೇರಿಯಾ ಪ್ರಾಂತ್ಯದ ಜನ ಬುಟ್ಟಿ, ಸಣ್ಣ ಚಾಕು ಹಿಡಿದು ಕಾಡಿಗೆ ಹೊರಡುತ್ತಾರೆ. ಸ್ಪ್ರೂಸ್, ಪೈನ್, ಬೀಚ್ ಮರಗಳ ತಂಪು ಕಾಡುಗಳವು. ನೆಲದ ಮೇಲೆ ಅರೆಕೊಳೆತ ಸೂಜಿಯೆಲೆಗಳ ಮೆತ್ತನೆಯ ಹಾಸು, ಅದರ ಮೇಲೆ ಹಸಿರು ಪಾಚಿ. ಅಲ್ಲಿ ದಪ್ಪ ಕಾಂಡದ ಸ್ಟೈನ್‌ಪಿಲ್ಜ್, ಮೊಟ್ಟೆಯ ಹಳದಿ ಬಣ್ಣದ ಫಿಫರ್‌ಲಿಂಗ್, ಕಂದು ಟೋಪಿಯ ಮರೋನೆ ಎಂಬ ಹೆಸರಿನ ಅಣಬೆಗಳು ಏಳುತ್ತವೆ. ನಮ್ಮ ಮಲೆನಾಡಿನಲ್ಲಿ ಗುಡುಗು ಮಳೆಯಾದ ಮೇಲೆ ಹುತ್ತದ ಅಣಬೆ ಹುಡುಕಿ ಹೋಗುವವರಂತೆಯೇ ಅಲ್ಲಿನವರೂ ತಮಗೆ ಗೊತ್ತಿರುವ ಜಾಗಗಳನ್ನು ಸುಲಭವಾಗಿ ಬೇರೆಯವರಿಗೆ ಹೇಳುವುದಿಲ್ಲ.

ಈ ಹವ್ಯಾಸದಲ್ಲಿ ಪ್ರಾಣಾಪಾಯ ಹಿಂದಿನಿಂದಲೂ ಇದೆ. ಅಮಾನಿಟ ಫಲ್ಲಾಯ್ಡಿಸ್ ಎಂಬ ವಿಷದ ಅಣಬೆ ಯಕೃತ್ತನ್ನು ನಾಶಮಾಡಿ ಮನುಷ್ಯನನ್ನು ಕೊಲ್ಲಬಲ್ಲದು. ಆದ್ದರಿಂದ ಟೋಪಿಯ ಕೆಳಗೆ ಪದರಗಳಿವೆಯೇ ರಂಧ್ರಗಳಿವೆಯೇ, ಕತ್ತರಿಸಿದಾಗ ತಿರುಳು ನೀಲಿಗೆ ತಿರುಗುತ್ತದೆಯೇ, ಬುಡದಲ್ಲಿ ಚೀಲದಂಥ ಭಾಗವಿದೆಯೇ, ವಾಸನೆ ಹೇಗಿದೆ, ಯಾವ ಮರದ ಬಳಿ ಬೆಳೆದಿದೆ ಎಂಬ ಲಕ್ಷಣಗಳು ಅಜ್ಜಿಯಿಂದ ಮೊಮ್ಮಕ್ಕಳಿಗೆ ಹರಿದುಬಂದಿವೆ. ಅನುಮಾನ ಬಂದರೆ ಬುಟ್ಟಿಯನ್ನು ಒಯ್ದು ತೋರಿಸಲು ಹಲವು ಪಟ್ಟಣಗಳಲ್ಲಿ ಅಣಬೆ ಸಲಹೆಗಾರರೂ ಇದ್ದಾರೆ. ಕಣ್ಣು, ಮೂಗು, ಕೈಗಳನ್ನು ನಂಬಿದ ಈ ಜ್ಞಾನ ತಕ್ಕಮಟ್ಟಿಗೆ ಸಮರ್ಪಕವಾಗಿಯೇ ಇತ್ತು. 1986ರಲ್ಲಿ ಅದು ಒಮ್ಮೆಲೇ ಸಾಲದಾಯಿತು.

ಆ ವರ್ಷ ಏಪ್ರಿಲ್ 26ರಂದು ಅಂದಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್‌ನಲ್ಲಿ ನಾಲ್ಕನೆಯ ರಿಯಾಕ್ಟರ್ ಸ್ಫೋಟಿಸಿತು. ಎರಡು ದಿನ ಹೊರಜಗತ್ತಿಗೆ ಸುದ್ದಿಯಿಲ್ಲ. 28ರ ಬೆಳಿಗ್ಗೆ ಅಲ್ಲಿಂದ ಸುಮಾರು 1100 ಕಿಲೋಮೀಟರ್ ದೂರದ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಪರಮಾಣು ವಿದ್ಯುತ್ ಸ್ಥಾವರದಲ್ಲಿ ಕೆಲಸಗಾರನೊಬ್ಬನ ಬೂಟು ವಿಕಿರಣ ಪತ್ತೆ ಯಂತ್ರವನ್ನು ಎಚ್ಚರಿಸಿತು. ದೋಷ ತಮ್ಮ ಸ್ಥಾವರದ್ದಲ್ಲ, ಗಾಳಿಯಲ್ಲಿ ಬಂದದ್ದು ಎಂದು ಅವರಿಗೆ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮುಂದಿನ ದಿನಗಳಲ್ಲಿ ವಿಕಿರಣಪಟು ಮೋಡ ಎಲ್ಲೆಲ್ಲಿ ಸಾಗಿತೋ ಅಲ್ಲೆಲ್ಲ ಧೂಳು ಒಂದೇ ಸಮನಾಗಿ ಬೀಳಲಿಲ್ಲ. ಮಳೆ ಸುರಿದ ಕಡೆ ಬಿತ್ತು. ಸ್ವೀಡನ್ನಿನ ಯಾವ್ಲೆ ಪ್ರದೇಶದಲ್ಲಿ ಮಳೆಯಾಯಿತು. ಬವೇರಿಯಾದಲ್ಲೂ ಗುಡುಗು ಸಹಿತ ಮಳೆಯಾಯಿತು. ಉತ್ತರ ಜರ್ಮನಿಯ ಬಯಲಿನಲ್ಲಿ ಚದರ ಮೀಟರಿಗೆ 4000 ಬೆಕೆರೆಲ್ ದಾಟುವುದೇ ಅಪರೂಪವಾಗಿದ್ದಾಗ ದಕ್ಷಿಣದ ಕೆಲವು ಜಾಗಗಳಲ್ಲಿ ಅದು 1,00,000 ಮುಟ್ಟಿತು. (ಒಂದು ಸೆಕೆಂಡಿನಲ್ಲಿ ಒಂದು ಬೀಜಕೇಂದ್ರ ಕ್ಷಯಿಸಿದರೆ ಅದು ಒಂದು ಬೆಕೆರೆಲ್.) ಅಣಬೆಗೆ ಬೇಕಾದ ಮಳೆಯೇ ಸೀಸಿಯಮ್ ಅನ್ನೂ ನೆಲಕ್ಕಿಳಿಸಿತ್ತು.

ಸೀಸಿಯಮ್ ಧಾತುವಿನ ಕಥೆ ಆರಂಭವಾದದ್ದೂ ಜರ್ಮನಿಯಲ್ಲೇ. 1860ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಬುನ್ಸೆನ್ ಮತ್ತು ಕಿರ್ಖಾಫ್, ಡ್ಯೂರ್ಕ್‌ಹೈಮ್ ಎಂಬ ಊರಿನ ಖನಿಜ ಜಲವನ್ನು ಬತ್ತಿಸಿ ಉಳಿದ ಲವಣವನ್ನು ಜ್ವಾಲೆಯಲ್ಲಿಟ್ಟು ರೋಹಿತದರ್ಶಕದಲ್ಲಿ ನೋಡಿದಾಗ ಅದುವರೆಗೆ ಯಾರೂ ಕಾಣದ ಎರಡು ನೀಲಿ ಗೆರೆಗಳು ಕಂಡವು. ಆಕಾಶ ನೀಲಿ ಎಂಬರ್ಥದ ಲ್ಯಾಟಿನ್ ಪದದಿಂದ ಹೆಸರು ಬಂತು. ರೋಹಿತದ ನೆರವಿನಿಂದ ಪತ್ತೆಯಾದ ಮೊದಲ ಧಾತು ಇದು. ಸಹಜ ಸೀಸಿಯಮ್‌ನ ದ್ರವ್ಯಾಂಕ 133, ಅದು ಸ್ಥಿರ. 137 ದ್ರವ್ಯಾಂಕದ ಸಮಸ್ಥಾನಿ ಯುರೇನಿಯಮ್ ವಿದಳನದ ಕೂಸು. ಇದನ್ನು 1941ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಗ್ಲೆನ್ ಸೀಬೋರ್ಗ್ ಅವರ ಬಳಿ ಕೆಲಸ ಮಾಡುತ್ತಿದ್ದ ಮಾರ್ಗರೆಟ್ ಮೆಲ್‌ಹೇಸ್ ಎಂಬ ವಿದ್ಯಾರ್ಥಿನಿ ಗುರುತಿಸಿದರು. ಅದರ ಅರ್ಧಾಯು ಸುಮಾರು 30 ವರ್ಷ. ಬೀಟಾ ಕಣ ಹೊರಬಿದ್ದ ಮೇಲೆ ಉಳಿಯುವ ಬೇರಿಯಮ್ ಬೀಜಕೇಂದ್ರ 662 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಗಾಮಾ ಕಿರಣವನ್ನು ಬಿಡುತ್ತದೆ. ನಮ್ಮ ಎಂ.ಎಸ್‌ಸಿ. ಪ್ರಯೋಗಾಲಯಗಳಲ್ಲಿ ಗಾಮಾ ರೋಹಿತಮಾಪಕವನ್ನು ಅಂಶಾಂಕನ ಮಾಡಲು ವಿದ್ಯಾರ್ಥಿಗಳು ಬಳಸುವುದು ಇದೇ ಶೃಂಗವನ್ನು. 1986ರ ಶರತ್ಕಾಲದಲ್ಲಿ ಬವೇರಿಯಾದ ಅಣಬೆಗಳನ್ನು ಪತ್ತೆಕಾರಿಯ ಮುಂದಿಟ್ಟಾಗಲೂ ಅದೇ ಶೃಂಗ ಎದ್ದು ನಿಂತಿತು.

ಮೊದಲ ವಾರಗಳಲ್ಲಿ ಎಲ್ಲರ ಆತಂಕ ಹಾಲು ಮತ್ತು ಸೊಪ್ಪಿನ ಬಗ್ಗೆ ಇತ್ತು. ಅಲ್ಲಿನ ಮುಖ್ಯ ಖಳನಾಯಕ ಅಯೊಡೀನ್-131. ಅದರ ಅರ್ಧಾಯು ಕೇವಲ 8 ದಿನ. ಅದು ಕಳೆದ ಮೇಲೆ ಉಳಿದ ಸೀಸಿಯಮ್ ವಿಷಯದಲ್ಲಿ ಹೊಲಗಳು ಬೇಗ ಸುಧಾರಿಸಿದವು. ಇದಕ್ಕೆ ಕಾರಣ ಜೇಡಿಮಣ್ಣು. ಇಲೈಟ್‌ನಂಥ ಜೇಡಿ ಖನಿಜಗಳ ಪದರಗಳ ಅಂಚಿನಲ್ಲಿ ಸೀಸಿಯಮ್ ಅಯಾನು ಕೂರಲು ಸರಿಹೊಂದುವ ಸಂದುಗಳಿವೆ. ಒಮ್ಮೆ ಒಳಹೊಕ್ಕರೆ ಅದು ಸುಲಭಕ್ಕೆ ಹೊರಬಾರದು, ಗೋಧಿಯ ಬೇರಿಗೂ ಸಿಗದು. ಉಳುಮೆ ಅದನ್ನು ಆಳಕ್ಕೆ ಬೆರೆಸಿತು, ಪೊಟ್ಯಾಸಿಯಮ್ ಗೊಬ್ಬರ ಬೇರುಗಳ ಮುಂದೆ ಅದಕ್ಕೆ ಪೈಪೋಟಿ ಒಡ್ಡಿತು.

ಕಾಡಿನಲ್ಲಿ ಉಳುಮೆಯೂ ಇಲ್ಲ, ಗೊಬ್ಬರವೂ ಇಲ್ಲ. ಎಲೆಗೊಬ್ಬರದ ಮೇಲುಹಾಸಿನಲ್ಲಿ ಜೇಡಿಯ ಅಂಶ ಅತ್ಯಲ್ಪ. ಅಣಬೆಯ ನಿಜವಾದ ದೇಹವಿರುವುದೂ ಆ ಹಾಸಿನಲ್ಲೇ. ನಾವು ಕೀಳುವ ಕೊಡೆ ಅದರ ಫಲ ಮಾತ್ರ. ಕೂದಲಿಗಿಂತ ತೆಳ್ಳಗಿನ ತಂತುಗಳ ಜಾಲ ನೆಲದೊಳಗೆ ಹಬ್ಬಿ, ಮರದ ಬೇರುಗಳನ್ನು ಸುತ್ತುವರಿದು, ಲವಣಗಳನ್ನು ಹೀರಿ ಮರಕ್ಕೆ ಕೊಟ್ಟು ಪ್ರತಿಯಾಗಿ ಸಕ್ಕರೆ ಪಡೆಯುತ್ತದೆ. ಆವರ್ತ ಕೋಷ್ಟಕದಲ್ಲಿ ಸೀಸಿಯಮ್ ಇರುವುದು ಪೊಟ್ಯಾಸಿಯಮ್ ಇರುವ ಕಂಬದಲ್ಲೇ. ಪೊಟ್ಯಾಸಿಯಮ್ ಬಡತನದ ಆಮ್ಲೀಯ ಕಾಡುಮಣ್ಣಿನಲ್ಲಿ ಅದರ ಜೊತೆ ಸೀಸಿಯಮ್ ಕೂಡ ತಂತುಗಳೊಳಗೆ ಸೇರುತ್ತದೆ. ಕೊಡೆ ಕೊಳೆತರೆ ಮತ್ತೆ ಹಾಸಿಗೆ, ಹಾಸಿನಿಂದ ಮತ್ತೆ ತಂತುಗಳಿಗೆ. ಈ ಸುತ್ತಾಟದಲ್ಲಿ ಸೋರಿಹೋಗುವುದು ಸ್ವಲ್ಪವೇ.

ಎಲ್ಲ ಅಣಬೆಗಳೂ ಒಂದೇ ತೆರನಲ್ಲ. ಸ್ಟೈನ್‌ಪಿಲ್ಜ್‌ಗಿಂತ ಅದರ ಸಂಬಂಧಿ ಮರೋನೆಯಲ್ಲಿ ಸೀಸಿಯಮ್ ಹೆಚ್ಚು. ಮರೋನೆಯ ಕಂದು ಟೋಪಿಗೆ ಬಣ್ಣ ಕೊಡುವ ನೋರ್‌ಬಾಡಿಯೋನ್ ಎಂಬ ವರ್ಣಕ ಸೀಸಿಯಮ್ ಅಯಾನನ್ನು ಹಿಡಿದಿಡಬಲ್ಲದೆಂದು ರಸಾಯನವಿಜ್ಞಾನಿಗಳು ಕಂಡುಕೊಂಡರು. ನಾರ್ವೆಯಲ್ಲಿ ಇನ್ನೊಂದು ಪಾಠವಾಯಿತು. 1988ರಲ್ಲಿ ಅಲ್ಲಿ ಅಣಬೆಯ ಭಾರಿ ಫಸಲು. ಬೆಟ್ಟದಲ್ಲಿ ಮೇಯುವ ಆಡು ಕುರಿಗಳು ಅವನ್ನು ಇಷ್ಟಪಟ್ಟು ತಿಂದವು. ಅಪಘಾತವಾಗಿ ಎರಡು ವರ್ಷ ಕಳೆದಿದ್ದರೂ ಹಾಲು ಮಾಂಸಗಳಲ್ಲಿ ಸೀಸಿಯಮ್ ಇಳಿಯುವ ಬದಲು ಏರಿತು. ಕೊನೆಗೆ ಪ್ರಶ್ಯನ್ ಬ್ಲೂ ಎಂಬ ಹಳೆಯ ಬಣ್ಣದ ಪುಡಿಯ ಜಾತಿಯ ಸಂಯುಕ್ತವನ್ನು ಪಶುಗಳಿಗೆ ತಿನ್ನಿಸಿ, ಅದು ಕರುಳಿನಲ್ಲೇ ಸೀಸಿಯಮ್ ಹಿಡಿದು ಹೊರಹೋಗುವಂತೆ ಮಾಡಲಾಯಿತು.

ಇಷ್ಟನ್ನು ಓದಿದವರು ಎಲ್ಲದಕ್ಕೂ ಚೆರ್ನೋಬಿಲ್ ಒಂದೇ ಕಾರಣವೆಂದುಕೊಳ್ಳುತ್ತಾರೆ. ದಶಕಗಳ ಕಾಲ ಯುರೋಪಿನ ಬಹುಪಾಲು ಜನರೂ ಹಾಗೆಯೇ ತಿಳಿದಿದ್ದರು. ಆದರೆ 1964ರಲ್ಲೇ ಗ್ರ್ಯೂಟರ್ ಎಂಬ ಜರ್ಮನ್ ಸಂಶೋಧಕ, ಅಣಬೆಗಳು ಸೀಸಿಯಮ್-137 ಅನ್ನು ಆಯ್ದು ಶೇಖರಿಸುತ್ತವೆ ಎಂದು ಪ್ರಕಟಿಸಿದ್ದರು. ಚೆರ್ನೋಬಿಲ್‌ಗೆ 22 ವರ್ಷ ಮೊದಲು! ಆ ಸೀಸಿಯಮ್ ಬಂದದ್ದು ಅಮೆರಿಕ, ಸೋವಿಯತ್ ಒಕ್ಕೂಟ ಮುಂತಾದ ದೇಶಗಳು ವಾತಾವರಣದಲ್ಲಿ ನಡೆಸಿದ ಬಾಂಬ್ ಪರೀಕ್ಷೆಗಳಿಂದ. 1961-62ರಲ್ಲಿ ಅವು ಪರಾಕಾಷ್ಠೆಗೇರಿ, 1963ರ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದದ ಬಳಿಕ ಬಹುಮಟ್ಟಿಗೆ ನೆಲದಡಿಗೆ ಹೋದವು. ಅಣಬೆಯ ಕುರಿತಾದ ಆ ಎಚ್ಚರಿಕೆ ಸಂಶೋಧನಾ ಪತ್ರಿಕೆಗಳಲ್ಲೇ ಉಳಿಯಿತು. ಕಾಡಿಗೆ ಹೋಗುವವರಿಗೆ ತಲುಪಲಿಲ್ಲ. ಅಪಘಾತಕ್ಕೆ ಸಿಕ್ಕ ಗಮನ, ಸದ್ದಿಲ್ಲದೆ ವರ್ಷಗಟ್ಟಲೆ ಉದುರಿದ ಧೂಳಿಗೆ ಸಿಗದೆ ಹೋದದ್ದು ನನಗೆ ಈ ಇತಿಹಾಸದ ಅತ್ಯಂತ ಬೇಸರದ ಭಾಗವೆನಿಸುತ್ತದೆ.

ಎರಡೂ ಮೂಲಗಳಿಂದ ಬಂದದ್ದು ಅದೇ ಸೀಸಿಯಮ್-137. ಒಂದೇ ಗಾಮಾ ಕಿರಣ, ಒಂದೇ ಅರ್ಧಾಯು. ಹಾಗಾದರೆ ಯಾವುದು ಎಲ್ಲಿಂದ ಬಂತೆಂದು ಹೇಳುವುದು ಹೇಗೆ? ಜೊತೆಗಿರುವ ಸೋದರರನ್ನು ನೋಡಬೇಕು. ಸೀಸಿಯಮ್-134 ನೇರವಾಗಿ ವಿದಳನದಿಂದ ಹುಟ್ಟುವುದು ತೀರ ಕಡಿಮೆ. ವಿದಳನದಿಂದ ಕ್ರಮೇಣ ಉಂಟಾಗುವ ಸ್ಥಿರ ಸೀಸಿಯಮ್-133 ಒಂದು ನ್ಯೂಟ್ರಾನನ್ನು ನುಂಗಿದರೆ ಅದು ಸಿದ್ಧ. ಇದಕ್ಕೆ ರಿಯಾಕ್ಟರಿನಲ್ಲಿ ತಿಂಗಳುಗಟ್ಟಲೆ ಸಮಯವಿದೆ, ಬಾಂಬಿನಲ್ಲಿ ಕ್ಷಣವೂ ಇಲ್ಲ. ಚೆರ್ನೋಬಿಲ್ ಧೂಳಿನಲ್ಲಿ 134ರ ಪಟುತ್ವ 137ರ ಸುಮಾರು ಅರ್ಧದಷ್ಟಿತ್ತು. 1986ರ ನಂತರ ಅಳೆದ ಕೆಲವು ಅಣಬೆಗಳಲ್ಲಿ 134ರ ಪಾಲು ಅದಕ್ಕಿಂತ ಕಡಿಮೆ ಇತ್ತು. ಹಳೆಯ ಬಾಂಬ್ ಸೀಸಿಯಮ್ ಸೇರಿದೆ ಎಂಬುದಕ್ಕೆ ಅದೇ ಸಾಕ್ಷಿ. ಆದರೆ 134ರ ಅರ್ಧಾಯು ಬರಿಯ 2 ವರ್ಷ. 20 ವರ್ಷಗಳಲ್ಲಿ, ಅಂದರೆ ಹತ್ತು ಅರ್ಧಾಯುಗಳಲ್ಲಿ, ಸಾಕ್ಷಿ ಬಹುತೇಕ ಅಳಿಸಿಹೋಯಿತು.

ಉಳಿದ ಸಾಕ್ಷಿ ಸೀಸಿಯಮ್-135. ಇದು ಕ್ಸೆನಾನ್-135ರ ಮಗ. ಕ್ಸೆನಾನ್-135ಕ್ಕೆ ನ್ಯೂಟ್ರಾನುಗಳ ಹಸಿವು ವಿಪರೀತ. ರಿಯಾಕ್ಟರಿನಲ್ಲಿ ಅದು ಸೀಸಿಯಮ್ ಆಗಿ ಕ್ಷಯಿಸುವ ಮೊದಲೇ ಬಹುಪಾಲು ನ್ಯೂಟ್ರಾನ್ ನುಂಗಿ ಕ್ಸೆನಾನ್-136 ಆಗಿಬಿಡುತ್ತದೆ. ಆದ್ದರಿಂದ ರಿಯಾಕ್ಟರಿನ ಸೀಸಿಯಮ್‌ನಲ್ಲಿ 135 ಕಡಿಮೆ. ಬಾಂಬಿನ ನ್ಯೂಟ್ರಾನುಗಳು ಮಿಂಚಿ ಮಾಯವಾಗುತ್ತವೆ; ಕ್ಸೆನಾನ್ ಅಡ್ಡಿಯಿಲ್ಲದೆ 9 ಗಂಟೆಯ ಅರ್ಧಾಯುವಿನಲ್ಲಿ ಕ್ಷಯಿಸಿ 135 ಹೆಚ್ಚುತ್ತದೆ. (ಅಪಘಾತದ ಹಿಂದಿನ ಗಂಟೆಗಳಲ್ಲಿ ಚೆರ್ನೋಬಿಲ್ ರಿಯಾಕ್ಟರಿನ ಶಕ್ತಿಯನ್ನು ಕುಗ್ಗಿಸಿ, ನಿಯಂತ್ರಣ ಸರಳುಗಳನ್ನು ಮಿತಿಮೀರಿ ಹೊರಗೆಳೆಯುವಂತೆ ಮಾಡಿದ ಕಾರಣಗಳಲ್ಲಿ ಇದೇ ಕ್ಸೆನಾನ್ ಒಂದು.) ಸೀಸಿಯಮ್-135ರ ಅರ್ಧಾಯು ಹತ್ತು ಲಕ್ಷ ವರ್ಷಗಳಿಗೂ ಹೆಚ್ಚು. ಹಾಗಾಗಿ ಅದನ್ನು ವಿಕಿರಣದಿಂದ ಎಣಿಸುವುದು ಕಷ್ಟ. ದ್ರವ್ಯರಾಶಿ ರೋಹಿತಮಾಪಕದಲ್ಲಿ ಅಯಾನುಗಳನ್ನೇ ತೂಗಿ ಬೇರ್ಪಡಿಸಬೇಕು.

ಈ ಉಪಾಯವನ್ನು ಬವೇರಿಯಾದ ಕಾಡುಹಂದಿಗಳ ಮೇಲೆ ಪ್ರಯೋಗಿಸಿದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಜಿಂಕೆ, ಸಾರಂಗಗಳ ಮಾಂಸದಲ್ಲಿ ಸೀಸಿಯಮ್ ಇಳಿಯುತ್ತ ಬಂದಿದ್ದರೂ ಹಂದಿಗಳಲ್ಲಿ ಇಳಿಯದಿದ್ದುದು ಬಹುಕಾಲದ ಒಗಟಾಗಿತ್ತು. ಫೆಲಿಕ್ಸ್ ಸ್ಟೇಗರ್, ಗೇಯೋರ್ಗ್ ಸ್ಟೈನ್‌ಹೌಸರ್ ಮತ್ತು ಸಂಗಡಿಗರು 48 ಮಾಂಸದ ಮಾದರಿಗಳನ್ನು ಪರೀಕ್ಷಿಸಿದರು. ಮಾರಾಟಕ್ಕಿರುವ ಮಿತಿ ಕಿಲೋಗ್ರಾಮಿಗೆ 600 ಬೆಕೆರೆಲ್. ಮಾದರಿಗಳಲ್ಲಿ ಗರಿಷ್ಠ 15,000 ಕಂಡಿತು. ಮಿತಿ ಮೀರಿದ ಮಾದರಿಗಳಲ್ಲಿ ಬಾಂಬ್ ಸೀಸಿಯಮ್‌ನ ಪಾಲು ಶೇಕಡ 12ರಿಂದ 68ರವರೆಗೆ ಇತ್ತು. ಸುಮಾರು ಕಾಲುಭಾಗ ಮಾದರಿಗಳು, ಚೆರ್ನೋಬಿಲ್ ನಡೆಯದೇ ಇದ್ದಿದ್ದರೂ, ಬಾಂಬಿನ ಪಾಲೊಂದರಿಂದಲೇ ಮಿತಿ ದಾಟುತ್ತಿದ್ದವು.

ಹಂದಿಗಳು ಇದನ್ನು ಪಡೆಯುವುದು ಚಳಿಗಾಲದಲ್ಲಿ ಮೂತಿಯಿಂದ ನೆಲ ಬಗೆದು ತಿನ್ನುವ ಎಲಾಫೋಮೈಸಿಸ್ ಎಂಬ ನೆಲದೊಳಗಿನ ಅಣಬೆಯಿಂದ. ಮನುಷ್ಯರು ಅದನ್ನು ತಿನ್ನುವುದಿಲ್ಲ. ಸೀಸಿಯಮ್ ಕಾಡುನೆಲದಲ್ಲಿ ಇಳಿಯುವ ವೇಗ ವರ್ಷಕ್ಕೆ ಸುಮಾರು 1 ಮಿಲಿಮೀಟರ್. ಅರವತ್ತರ ದಶಕದ ಸೀಸಿಯಮ್ ಆ ಅಣಬೆಯ ಆಳವನ್ನು ಮೊದಲೇ ತಲುಪಿದೆ, 1986ರದು ಅದರ ಹಿಂದೆ ಬರುತ್ತಿದೆ. ಶಾಲೆಯಲ್ಲಿ ಮಾಡಿಸಬಹುದಾದ ಒಂದು ಲೆಕ್ಕ: 1963ರಲ್ಲಿ ಬಿದ್ದ ಸೀಸಿಯಮ್‌ನಲ್ಲಿ 2026ಕ್ಕೆ ಶೇಕಡ 23ರಷ್ಟು, 1986ರದರಲ್ಲಿ ಶೇಕಡ 40ರಷ್ಟು ಉಳಿದಿರುತ್ತದೆ.

ಹಾಗಾದರೆ ಅಣಬೆ ತಿನ್ನಬಹುದೇ? ಇದಕ್ಕೆ ಹೌದು ಅಲ್ಲ ಎನ್ನುವುದಕ್ಕಿಂತ ಲೆಕ್ಕ ಹಾಕುವುದು ಲೇಸು. ಕಿಲೋಗ್ರಾಮಿಗೆ 1000 ಬೆಕೆರೆಲ್ ಇರುವ ಹಸಿ ಅಣಬೆಯನ್ನು ಒಬ್ಬರು ವಾರಕ್ಕೆ 200 ಗ್ರಾಮಿನಂತೆ 10 ವಾರ ತಿಂದರೆ ದೇಹ ಸೇರುವುದು 2000 ಬೆಕೆರೆಲ್. ಇದರ ಪ್ರಮಾಣ ಸುಮಾರು 0.026 ಮಿಲಿಸೀವರ್ಟ್. ಸಹಜ ವಿಕಿರಣದಿಂದ ಮನುಷ್ಯನಿಗೆ ವರ್ಷಕ್ಕೆ ಸಿಗುವ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್; ಅಂದರೆ ನಾಲ್ಕು ದಿನದ ಸಹಜ ವಿಕಿರಣಕ್ಕೆ ಸಮ. ಬವೇರಿಯಾದ ಸಾಮಾನ್ಯ ಕುಟುಂಬ ಬುಟ್ಟಿಯನ್ನು ಎಸೆಯಬೇಕಾಗಿಲ್ಲ. ಆದರೆ ಬೆಲಾರೂಸ್, ಉತ್ತರ ಉಕ್ರೇನ್, ರಷ್ಯದ ಬ್ರ್ಯಾನ್‌ಸ್ಕ್ ಪ್ರದೇಶಗಳ ಮಾತು ಬೇರೆ. ಅಲ್ಲಿ ಹೆಚ್ಚು ಮಲಿನವಾದ ಕಾಡುಗಳ ಅಣಬೆಯಲ್ಲಿ ಹತ್ತಾರು ಸಾವಿರ ಬೆಕೆರೆಲ್ ದಾಖಲಾಗಿದೆ. ಹಳ್ಳಿಯ ಬಡವರಿಗೆ ಅಣಬೆ ಹವ್ಯಾಸವಲ್ಲ, ಒಣಗಿಸಿ, ಉಪ್ಪಿನಲ್ಲಿಟ್ಟು ಚಳಿಗಾಲವಿಡೀ ತಿನ್ನುವ ಆಹಾರ. 20,000 ಬೆಕೆರೆಲ್‌ನಂಥ ಅಣಬೆಯನ್ನು ವರ್ಷಕ್ಕೆ 10 ಕಿಲೋ ತಿಂದರೆ 2.6 ಮಿಲಿಸೀವರ್ಟ್ ಆಗುತ್ತದೆ. ಸಾರ್ವಜನಿಕರಿಗೆ ಕೃತಕ ಮೂಲಗಳಿಂದ ನಿಗದಿಯಾದ ವಾರ್ಷಿಕ ಮಿತಿ 1 ಮಿಲಿಸೀವರ್ಟ್.

ಇಂಥ ಅಂಕಿಗಳನ್ನು ಓದುವಾಗ ಹಸಿ ತೂಕವೋ ಒಣ ತೂಕವೋ ನೋಡಿಕೊಳ್ಳಬೇಕು. ಅಣಬೆಯಲ್ಲಿ ಶೇಕಡ 90ರಷ್ಟು ನೀರೇ ಇರುವುದರಿಂದ ಒಣಗಿದಾಗ ಅಂಕಿ ಹತ್ತು ಪಟ್ಟು ಏರುತ್ತದೆ. ಪತ್ರಿಕಾ ವರದಿಗಳು ಇದನ್ನು ಬೆರೆಸಿಬಿಡುವುದು ಸಾಮಾನ್ಯ. ಮಿತಿಗಳೂ ದೇಶದಿಂದ ದೇಶಕ್ಕೆ ಬೇರೆ. ಸ್ವೀಡನ್ 1986ರಲ್ಲಿ 300 ಬೆಕೆರೆಲ್ ಎಂದು ಬಿಗಿಯಾಗಿ ನಿಗದಿ ಮಾಡಿ, ಮರುವರ್ಷ ಕಾಡಿನ ಅಣಬೆ, ಹಣ್ಣು, ಹಿಮಸಾರಂಗದ ಮಾಂಸಗಳಿಗೆ 1500ಕ್ಕೆ ಏರಿಸಿತು. 2011ರ ಫುಕುಶಿಮ ಅಪಘಾತದ ಮರುವರ್ಷ ಜಪಾನ್ ಸಾಮಾನ್ಯ ಆಹಾರಕ್ಕೆ 100 ಎಂದಿತು; ಅಲ್ಲಿನ ಹಲವು ಊರುಗಳ ಕಾಡು ಅಣಬೆ ಮಾರುಕಟ್ಟೆಗೆ ಹೋಗದಂತೆ ನಿರ್ಬಂಧ ಬಂತು. ಜರ್ಮನಿಯ 600ರ ಮಿತಿ ಮಾರುವವರಿಗೆ ಮಾತ್ರ, ತಾನೇ ಕಿತ್ತು ತನ್ನ ಮನೆಯಲ್ಲಿ ಬೇಯಿಸುವವನಿಗೆ ಅನ್ವಯಿಸುವುದಿಲ್ಲ. ಅಂಥವರು ಮರೋನೆ ಬಿಟ್ಟು ಸ್ಟೈನ್‌ಪಿಲ್ಜ್ ಆರಿಸಬಹುದು, ಕುದಿಸಿದ ನೀರನ್ನು ಚೆಲ್ಲಬಹುದು. ಸೀಸಿಯಮ್ ಲವಣಗಳು ನೀರಿನಲ್ಲಿ ಕರಗುವುದರಿಂದ ಗಣನೀಯ ಪಾಲು ಅದರೊಡನೆ ಹೋಗುತ್ತದೆ, ಸ್ವಲ್ಪ ರುಚಿಯೂ ಹೋಗುತ್ತದೆ.